ಕಿಡಿ ಕೊಟ್ಟ ಕೆಟ್ಟರಿಂಗ್

ಇತ್ತೀಚಿನ ಯಾವುದಾದರೂ ಪೆಟ್ರೋಲ್ ಕಾರಿನ ಬಾನೆಟ್ ಎತ್ತಿ, ಎಂಜಿನ್ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆದು ನೋಡಿ. ಸಾಮಾನ್ಯವಾಗಿ ಮೂರೋ ನಾಲ್ಕೋ ಕಪ್ಪು ತಲೆಗಳು ಸಾಲಾಗಿ ಕೂತಿರುತ್ತವೆ. ಒಂದೊಂದಕ್ಕೂ ಒಂದು ಕನೆಕ್ಟರ್, ಒಂದು ಬೋಲ್ಟ್. ಅವೇ ಇಗ್ನಿಷನ್ ಕಾಯಿಲ್‌ಗಳು. ಬ್ಯಾಟರಿಯ 12 ವೋಲ್ಟನ್ನು ಇಪ್ಪತ್ತು ಮೂವತ್ತು ಸಾವಿರ ವೋಲ್ಟಿಗೆ ಏರಿಸಿ ಸ್ಪಾರ್ಕ್ ಪ್ಲಗ್ಗಿಗೆ ಕೊಡುವುದು ಅವುಗಳ ಕೆಲಸ. ಕಾರಿಗೆ ವಯಸ್ಸಾದಂತೆ ಒಂದೊಂದೇ ಕೈಕೊಡಲು ಶುರುವಾಗುತ್ತದೆ.

ಒಂದು ಬ್ಯಾಟರಿ, ಒಂದು ಕಾಯಿಲ್, ಸರಿಯಾದ ಗಳಿಗೆಯಲ್ಲಿ ಕರೆಂಟ್ ಕಡಿಯುವ ಒಂದು ಸ್ವಿಚ್. ಈ ಜೋಡಣೆಗೆ ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಕೆಟ್ಟರಿಂಗ್ ಇಗ್ನಿಷನ್ ಎಂದೇ ಹೆಸರು. ಎಂಜಿನಿಯರಿಂಗ್ ಓದುವಾಗ ಅದು ಅರ್ಧ ಸಾಲಿನಲ್ಲಿ ದಾಟಿಹೋಗುವ ಹೆಸರು. ಚಾರ್ಲ್ಸ್ ಫ್ರಾಂಕ್ಲಿನ್ ಕೆಟ್ಟರಿಂಗ್ ಬದುಕು ಮಾತ್ರ ಅರ್ಧ ಸಾಲಿಗೆ ಒಗ್ಗುವಂಥದ್ದಲ್ಲ. ನಮ್ಮ ಕಾರು ಇವತ್ತು ಕೀಲಿ ತಿರುವಿದ ಕೂಡಲೇ ಹೊರಡುವುದಕ್ಕೆ ಆತನೇ ಕಾರಣ. ಎಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಗಾಳಿಯಲ್ಲಿ ಸೀಸ ತುಂಬಿದ್ದಕ್ಕೂ ಆತ ಒಬ್ಬ ಮುಖ್ಯ ಕಾರಣ.

ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಒಹಾಯೊ ರಾಜ್ಯದ ಲೌಡನ್‌ವಿಲ್ ಎಂಬ ಸಣ್ಣ ಊರಿನ ಹತ್ತಿರದ ಹೊಲಮನೆಯಲ್ಲಿ. ಕಣ್ಣು ಚಿಕ್ಕಂದಿನಿಂದಲೇ ದುರ್ಬಲ. ಸ್ವಲ್ಪ ಹೊತ್ತು ಓದಿದರೆ ತಲೆನೋವು. ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿ ಕೆಲಸ ಮಾಡಿ, ಆಮೇಲೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ. ಕಣ್ಣಿನ ತೊಂದರೆಯಿಂದ ಓದು ಅರ್ಧಕ್ಕೆ ಬಿಟ್ಟು, ಟೆಲಿಫೋನ್ ಕಂಬ ನೆಟ್ಟು ತಂತಿ ಎಳೆಯುವ ತಂಡ ಸೇರಿ ಅದರ ಮೇಸ್ತ್ರಿಯಾದ. ಕೈಯಲ್ಲಿ ಮಾಡುವ ಕೆಲಸದ ರುಚಿ ಹತ್ತಿದ್ದು ಅಲ್ಲೇ ಇರಬೇಕು. ಮತ್ತೆ ಕಾಲೇಜಿಗೆ ಮರಳಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿದಾಗ 1904. ವಯಸ್ಸು ಇಪ್ಪತ್ತೇಳು ದಾಟಿತ್ತು. ನಮ್ಮ ಕ್ಯಾಂಪಸ್ ಇಂಟರ್‌ವ್ಯೂಗಳಲ್ಲಿ ಇಷ್ಟು ಗ್ಯಾಪ್ ಇರುವ ರೆಸ್ಯುಮೆ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಿತ್ತು.

ಕೆಲಸ ಸಿಕ್ಕಿದ್ದು ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಆಗ ಅಂಗಡಿಯ ಗಲ್ಲಾ ಯಂತ್ರವನ್ನು ಹಿಡಿ ತಿರುಗಿಸಿಯೇ ತೆರೆಯಬೇಕಿತ್ತು. ಅದಕ್ಕೆ ಮೋಟಾರ್ ಕೂರಿಸುವುದು ಕೆಟ್ಟರಿಂಗ್ ಪಾಲಿಗೆ ಬಂತು. ಬೇಕಾದ ಬಲ ಲೆಕ್ಕ ಹಾಕಿದರೆ ಗಲ್ಲಾಕ್ಕಿಂತ ಮೋಟಾರೇ ದೊಡ್ಡದಾಗುತ್ತದೆ ಎಂಬುದು ತಿಳಿದವರ ಅಭಿಪ್ರಾಯ. ಅವರ ಲೆಕ್ಕ ತಪ್ಪಿರಲಿಲ್ಲ. ಆದರೆ ಅದು ದಿನವಿಡೀ ಓಡುವ ಮೋಟಾರಿನ ಲೆಕ್ಕ. ಗಲ್ಲಾ ತೆರೆಯಲು ಬಲ ಬೇಕಾಗುವುದು ಒಂದೆರಡು ಸೆಕೆಂಡ್ ಮಾತ್ರ. ಅಷ್ಟು ಹೊತ್ತು ಪುಟ್ಟ ಮೋಟಾರಿನ ಮೇಲೆ ಮಿತಿಮೀರಿದ ಹೊರೆ ಹಾಕಿದರೂ ಅದು ಸುಡುವುದಿಲ್ಲ, ಮುಂದಿನ ಗಿರಾಕಿ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಕೆಲವೇ ವರ್ಷಗಳಲ್ಲಿ ಇದೇ ಯೋಚನೆ ಕಾರಿಗೂ ಬಂತು.

ಕಂಪನಿಯ ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ತನ್ನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತಾನೇ ಒಂದು ಕಾರು ಜೋಡಿಸುತ್ತಿದ್ದ. 1908ರ ಸುಮಾರಿಗೆ ಕೆಟ್ಟರಿಂಗ್ ಸಂಜೆ ಮತ್ತು ರಜಾದಿನಗಳಲ್ಲಿ ಅಲ್ಲಿ ಕೂರತೊಡಗಿದ. ಆಫೀಸಿನ ಇನ್ನೂ ಕೆಲವರು ಸೇರಿಕೊಂಡರು. ಆ ಕಾಲದ ಕಾರುಗಳ ದೊಡ್ಡ ಗೋಳೆಂದರೆ ಕಿಡಿ. ಅದಕ್ಕೆ ಇದ್ದದ್ದು ಎರಡು ದಾರಿ. ಒಂದು ಮ್ಯಾಗ್ನೆಟೊ. ಅಯಸ್ಕಾಂತ ಸುತ್ತಿ ಕರೆಂಟ್ ಹುಟ್ಟಿಸುವ ಈ ಯಂತ್ರದಲ್ಲಿ ಜರ್ಮನಿಯ ರಾಬರ್ಟ್ ಬಾಶ್ ಹೆಸರು ದೊಡ್ಡದು. (ಅದೇ ಬಾಶ್ ಕಂಪನಿಯ ನಂಟಿನಿಂದ 1951ರಲ್ಲಿ ಬೆಂಗಳೂರಿಗೆ ಮೈಕೊ ಬಂತು. ಆಡುಗೋಡಿಯ ಆ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ ಕೈಯಲ್ಲಿ ಹಿಡಿಯದ ಮೆಕ್ಯಾನಿಕ್ ನಮ್ಮಲ್ಲಿ ಇರಲಿಕ್ಕಿಲ್ಲ.) ಮ್ಯಾಗ್ನೆಟೊ ಎಂಜಿನ್ ಜೋರಾಗಿ ಓಡುವಾಗ ಚೆನ್ನಾಗಿ ಕಿಡಿ ಕೊಡುತ್ತದೆ, ನಿಧಾನಕ್ಕೆ ತಿರುಗುವಾಗ ಸೊರಗುತ್ತದೆ. ಇನ್ನೊಂದು ದಾರಿ ಡ್ರೈ ಸೆಲ್ ಮತ್ತು ಝೇಂಕರಿಸುವ ಕಾಯಿಲ್. ಅದು ಒಂದೇ ಸ್ಫೋಟಕ್ಕೆ ಕಿಡಿಗಳ ಮಳೆ ಸುರಿಸಿ, ಸೆಲ್ಲುಗಳನ್ನು ಬೇಗ ಬರಿದು ಮಾಡುತ್ತಿತ್ತು.

ಕೆಟ್ಟರಿಂಗ್ ಮಾಡಿದ್ದು ಇಷ್ಟು: ಒಂದು ಸ್ಫೋಟಕ್ಕೆ ಒಂದೇ ಕಿಡಿ, ಆದರೆ ಗಟ್ಟಿಯಾದದ್ದು, ಹೊತ್ತಿಗೆ ಸರಿಯಾಗಿ ಬರುವಂಥದ್ದು. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತು, ಜೊತೆಗೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಕರೆಂಟ್ ಹರಿಯುವಷ್ಟು ಹೊತ್ತು ತಿರುಳಿನಲ್ಲಿ ಕಾಂತಶಕ್ತಿ ಕೂಡಿಕೊಳ್ಳುತ್ತದೆ. ಕರೆಂಟನ್ನು ಥಟ್ಟನೆ ಕಡಿದರೆ, ಕೂಡಿದ್ದೆಲ್ಲ ಒಮ್ಮೆಲೇ ಕುಸಿದು ತೆಳು ತಂತಿಯಲ್ಲಿ ಭಾರೀ ವೋಲ್ಟೇಜ್ ಹುಟ್ಟುತ್ತದೆ. ಬಾವಿಯಿಂದ ತುಂಬಿದ ಕೊಡವನ್ನು ನಿಧಾನವಾಗಿ ಮೇಲೆಳೆದು, ಹಗ್ಗ ಕೈಬಿಟ್ಟಾಗ ರಾಟೆ ಗಿರ್ರೆಂದು ತಿರುಗುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾಯಿಲ್ಲಿನ ತತ್ವ ಕೆಟ್ಟರಿಂಗ್‌ಗಿಂತ ಎಷ್ಟೋ ದಶಕ ಹಳೆಯದು. ಅದನ್ನು ಕೆಸರು, ಚಳಿ, ಕುಲುಕಾಟದ ನಡುವೆ ನಂಬಬಹುದಾದ ಸಾಮಾನಾಗಿ ಮಾಡಿದ್ದು ಆತನ ಸಾಧನೆ.

ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೆಲ್ಯಾಂಡ್ ಅದನ್ನು ನೋಡಿ ಸಾವಿರಾರು ಸೆಟ್‌ಗಳಿಗೆ ಆರ್ಡರ್ ಕೊಟ್ಟ. ಕೆಟ್ಟರಿಂಗ್ 1909ರಲ್ಲಿ ನೌಕರಿ ಬಿಟ್ಟ. ಡೀಡ್ಸ್ ಜೊತೆ ಕಟ್ಟಿದ ಸಂಸ್ಥೆಗೆ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಎಂದು ಹೆಸರಿಟ್ಟರು, ಚಿಕ್ಕದಾಗಿ ಡೆಲ್ಕೊ. ಮುಂದಿನ ಕೆಲಸ ಸೆಲ್ಫ್ ಸ್ಟಾರ್ಟರ್. ಆಗ ಕಾರಿನ ಮುಂದೆ ಬಗ್ಗಿ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು, ಕೆಲವೊಮ್ಮೆ ದವಡೆಯೂ. ಇಲ್ಲಿಯೂ ಮೋಟಾರ್ ಬಹಳ ದೊಡ್ಡದಾಗುತ್ತದೆ ಎಂಬ ಅದೇ ಲೆಕ್ಕ, ಅದಕ್ಕೆ ಗಲ್ಲಾ ಪೆಟ್ಟಿಗೆಯ ಅದೇ ಉತ್ತರ. 1911ರ ಫೆಬ್ರವರಿಯಲ್ಲಿ ಅದು ಓಡಿತು. 1912ರ ಮಾದರಿಯ ಕ್ಯಾಡಿಲಾಕ್‌ನಲ್ಲಿ ಸ್ಟಾರ್ಟರ್, ದೀಪ, ಇಗ್ನಿಷನ್ ಮೂರೂ ಒಂದೇ ವಿದ್ಯುತ್ ವ್ಯವಸ್ಥೆಯಾಗಿ ಬಂದವು. ಹೆಂಗಸರು, ವಯಸ್ಸಾದವರು, ರಟ್ಟೆಬಲ ಇಲ್ಲದವರೂ ಯಾರ ನೆರವಿಲ್ಲದೆ ಕಾರು ಹೊರಡಿಸುವಂತಾಯಿತು.

ಇಲ್ಲಿಗೇ ಕತೆ ಮುಗಿದಿದ್ದರೆ ಅದು ಶಾಲಾ ಪುಸ್ತಕದ ಪಾಠವಾಗಿರುತ್ತಿತ್ತು. ಆದರೆ ಎಂಜಿನ್‌ಗಳ ಬಲ ಏರುತ್ತಿದ್ದಂತೆ ಹೊಸದೊಂದು ದೂರು ಬಂತು. ದಿಣ್ಣೆ ಹತ್ತುವಾಗ ಸಿಲಿಂಡರಿನೊಳಗೆ ಸುತ್ತಿಗೆ ಹೊಡೆದಂತೆ ಟಕಟಕ ಸದ್ದು. ನಾವು ನಾಕಿಂಗ್ ಅನ್ನುತ್ತೇವಲ್ಲ, ಅದೇ. ಮ್ಯಾಗ್ನೆಟೊ ಪಕ್ಷದವರು ಬೆರಳು ತೋರಿಸಿದ್ದು ಕೆಟ್ಟರಿಂಗ್‌ನ ಬ್ಯಾಟರಿ ಇಗ್ನಿಷನ್ ಕಡೆಗೆ. ಹೊಸದಾಗಿ ಬಂದ ಭಾಗವೇ ಅಪರಾಧಿ ಎನ್ನುವುದು ಎಲ್ಲ ಕಾಲಕ್ಕೂ ಸುಲಭದ ತೀರ್ಪು. ಸಾಫ್ಟ್‌ವೇರ್‌ನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಪ್ರೊಡಕ್ಷನ್ ಕೆಟ್ಟ ದಿನ ಕೊನೆಯ ರಿಲೀಸ್ ಯಾರದ್ದೆಂದು ಮೊದಲು ಹುಡುಕುತ್ತೇವೆ.

ಕೆಟ್ಟರಿಂಗ್ ವಾದಕ್ಕಿಳಿಯಲಿಲ್ಲ. 1916ರಲ್ಲಿ ಥಾಮಸ್ ಮಿಡ್ಜ್‌ಲಿ ಎಂಬ ಯುವ ಎಂಜಿನಿಯರನ್ನು ಇದಕ್ಕೆ ಹಚ್ಚಿದ. ಸಿಲಿಂಡರಿನೊಳಗೆ ಒತ್ತಡ ಹೇಗೆ ಏರುತ್ತದೆಂದು ಅಳೆದು ನೋಡಿದಾಗ, ಕಿಡಿ ತನ್ನ ಹೊತ್ತಿಗೆ ಸರಿಯಾಗಿಯೇ ಬರುತ್ತಿತ್ತು. ಕಿಡಿ ಹೊತ್ತಿದ ಮೇಲೆ, ಉರಿಯುತ್ತಿರುವ ಇಂಧನದಲ್ಲೇ ಒತ್ತಡ ಚಂಗನೆ ಜಿಗಿಯುತ್ತಿತ್ತು. ತಪ್ಪು ಇಂಧನದ್ದು. ಕಾಯಿಲ್ ನಿರಪರಾಧಿ.

ಹಳೆಯ ಕಾರಿನ ಕಾಯಿಲ್ ಬದಲಿಸುವಾಗಲೂ ಎಲ್ಲ ನಿಂತಿರುವುದು ಇಂಥ ಪತ್ತೆಯ ಮೇಲೆಯೇ. ನನ್ನದು ಕೆಎ ನಂಬರಿನ, ಹನ್ನೆರಡು ವರ್ಷ ದಾಟಿದ ಕಾರು. ಪುಣೆಯಿಂದ ಊರಿಗೆ ಹೋಗುವಾಗ ಖಂಬಾಟಕಿ ಘಾಟಿಯಲ್ಲಿ ಮಿಸ್ಸಿಂಗ್ ಹೊಡೆಯಲು ಶುರುವಾಯಿತು. ಒಂದು ಗ್ಯಾರೇಜಿನಲ್ಲಿ ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್, ಬೇಕಾದರೆ ಪೆಟ್ರೋಲ್ ಪಂಪ್ ಎಂಬ ಪಟ್ಟಿ ಕೊಟ್ಟರು. ಅಗ್ಗದ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಹಾಕಿ ನೋಡಿದಾಗ ಪಿ0303, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಸಿಲಿಂಡರ್ ಯಾವುದೆಂದು ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ. ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ಕಂಪ್ರೆಷನ್ನೇ ಹೋಗಿರಬಹುದು. ಆಗ ಮೂರನೆಯ ಕಾಯಿಲ್ಲನ್ನು ಒಂದಕ್ಕೆ, ಒಂದರದನ್ನು ಮೂರಕ್ಕೆ ಹಾಕಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಬೇಕು. ಕೋಡ್ ಪಿ0301 ಆಗಿ ಬದಲಾದರೆ ದೋಷ ಕಾಯಿಲ್ಲಿನ ಜೊತೆಗೇ ನಡೆದುಬಂದಿದೆ ಎಂದರ್ಥ. ಮೂರರಲ್ಲೇ ಉಳಿದರೆ ಕಾಯಿಲ್ಲಿಗೆ ದುಡ್ಡು ಹಾಕಬೇಡಿ. ನನ್ನದರಲ್ಲಿ ಒಂದಕ್ಕೆ ಬಂತು. ಒಂದೇ ಕಾಯಿಲ್ ಬದಲಿಸಿದೆ.

ಕೆಲಸ ಅರ್ಧ ಗಂಟೆಯದು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಕೀಲಿ ತೆಗೆದಿರಬೇಕು, ಬ್ಯಾಟರಿಯ ನೆಗೆಟಿವ್ ಬಿಚ್ಚಿದ್ದರೆ ಇನ್ನೂ ಒಳ್ಳೆಯದು. ಎಂಜಿನ್ ಓಡುತ್ತಿರುವಾಗ ಕಾಯಿಲ್ ಕೀಳುವ ಹಳೇ ಗ್ಯಾರೇಜ್ ಪರೀಕ್ಷೆ ಮಾತ್ರ ಬೇಡ, ಅಷ್ಟು ವೋಲ್ಟೇಜ್ ಆಟದ ವಸ್ತುವಲ್ಲ. ವರ್ಷಗಟ್ಟಲೆ ಬಿಸಿ ತಿಂದ ಕನೆಕ್ಟರಿನ ಲಾಕ್ ಹಪ್ಪಳದ ಹಾಗೆ ಮುರಿಯುತ್ತದೆ, ಮೆಲ್ಲಗೆ ಒತ್ತಿ ಬಿಡಿಸಬೇಕು. ಬೋಲ್ಟ್ ಬಿಚ್ಚಿ, ಕಾಯಿಲ್ಲನ್ನು ಸ್ವಲ್ಪ ತಿರುಚಿ ನೇರಕ್ಕೆ ಮೇಲೆಳೆಯಿರಿ. ಪ್ಲಗ್ಗಿನ ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ. ಅದನ್ನು ಸರಿಮಾಡದೆ ಹೊಸ ಕಾಯಿಲ್ ಹಾಕಿದರೆ ಅದೂ ಬೇಗ ಹೋಗುತ್ತದೆ. ಪ್ಲಗ್ ಸವೆದು ಗ್ಯಾಪ್ ಹೆಚ್ಚಾಗಿದ್ದರೂ ಅಷ್ಟೇ, ಆ ಅಂತರ ದಾಟಲು ಕಾಯಿಲ್ ಹೆಚ್ಚು ದುಡಿದು ಸಾಯುತ್ತದೆ. ಬೋಲ್ಟನ್ನು ಕೈಬಲಕ್ಕಿಂತ ಚೂರು ಹೆಚ್ಚು ಬಿಗಿದರೆ ಸಾಕು, ಕೆಳಗಿರುವುದು ಅಲ್ಯೂಮಿನಿಯಂ, ಥ್ರೆಡ್ ಕಿತ್ತುಬರುತ್ತದೆ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಹಾಗೇ ಊರು ಮುಟ್ಟುವ ಹಟ ಬೇಡ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹರಿದು, ಕಾಯಿಲ್ಲಿನ ಎಷ್ಟೋ ಪಟ್ಟು ಬೆಲೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತದೆ. ಈ ಕನ್ವರ್ಟರ್ ವಿಷಯ ಮುಂದೆ ಇನ್ನೊಮ್ಮೆ ಬರುತ್ತದೆ.

ಮತ್ತೆ ಡೇಟನ್‌ಗೆ ಬರೋಣ. ತಪ್ಪು ಇಂಧನದ್ದು ಎಂದು ಗೊತ್ತಾಯಿತು, ಮದ್ದು ಏನು? ಡೆಲ್ಕೊ ಆಗ ಹೊಲಮನೆಗಳಿಗೆ ದೀಪ ಕೊಡುವ ಸಣ್ಣ ಸೀಮೆಎಣ್ಣೆ ಎಂಜಿನ್ ಕೂಡ ಮಾಡುತ್ತಿತ್ತು, ಅದರಲ್ಲಿ ನಾಕಿಂಗ್ ಇನ್ನೂ ಹೆಚ್ಚು. ಚಳಿ ಮುಗಿಯುವ ಮೊದಲೇ ಅರಳುವ ಒಂದು ಕಾಡುಬಳ್ಳಿಯ ಎಲೆಯ ಬೆನ್ನು ಕೆಂಪಗಿರುತ್ತದೆ, ಕೆಂಪು ಬಣ್ಣ ಬಿಸಿಯನ್ನು ಬೇಗ ಹೀರುವುದರಿಂದ ಅದು ಬೇಗ ಅರಳುತ್ತಿರಬಹುದು, ಹಾಗಾದರೆ ಸೀಮೆಎಣ್ಣೆಗೂ ಕೆಂಪು ಬಣ್ಣ ಹಾಕಿದರೆ ಬೇಗ ಆವಿಯಾದೀತು ಎಂದು ಇಬ್ಬರೂ ಊಹಿಸಿದರು. ಕೆಂಪು ಬಣ್ಣ ಕೈಗೆ ಸಿಗದೆ ಅಯೋಡಿನ್ ಹಾಕಿದರು. ನಾಕಿಂಗ್ ನಿಂತೇಹೋಯಿತು! ಬೇರೆಯವರಾದರೆ ಊಹೆ ಸರಿಯೆಂದು ಹಬ್ಬ ಮಾಡುತ್ತಿದ್ದರು. ಇವರು ನಿಜವಾದ ಬಣ್ಣಗಳನ್ನು ತರಿಸಿ ಪರೀಕ್ಷಿಸಿದರು, ಯಾವುದೂ ಕೆಲಸ ಮಾಡಲಿಲ್ಲ. ಬಣ್ಣವಿಲ್ಲದ ಅಯೋಡಿನ್ ಸಂಯುಕ್ತ ಹಾಕಿದರು, ಅದು ಕೆಲಸ ಮಾಡಿತು. ಬಣ್ಣದ ಸಿದ್ಧಾಂತ ಅಲ್ಲಿಗೆ ಬಿತ್ತು. ಫಲ ಸಿಕ್ಕ ಮೇಲೂ ಕಾರಣವನ್ನು ಪ್ರಶ್ನಿಸಿದ ಈ ಪ್ರಾಮಾಣಿಕತೆ ನನಗೆ ಕೆಟ್ಟರಿಂಗ್ ಬದುಕಿನಲ್ಲಿ ಅತಿ ಇಷ್ಟವಾದ ಭಾಗ. ಮುಂದೆ ನಡೆದದ್ದು ನೋವು ಕೊಡುವುದೂ ಅದಕ್ಕೇ.

ಅಯೋಡಿನ್ ದುಬಾರಿ, ಲೋಹ ತಿನ್ನುತ್ತದೆ. ವರ್ಷಗಟ್ಟಲೆ ಒಂದೊಂದೇ ರಾಸಾಯನಿಕ ಪರೀಕ್ಷೆಯಾಯಿತು. ಟೆಲ್ಯೂರಿಯಮ್ ಸಂಯುಕ್ತ ಚೆನ್ನಾಗಿತ್ತು, ಆದರೆ ಮೈಗೆ ಹತ್ತಿದ ಬೆಳ್ಳುಳ್ಳಿಯಂಥ ಗಬ್ಬುವಾಸನೆ ಸ್ನಾನಕ್ಕೂ ಹೋಗುತ್ತಿರಲಿಲ್ಲ. 1921ರ ಡಿಸೆಂಬರ್ 9ರಂದು ಟೆಟ್ರಾಎಥೈಲ್ ಲೆಡ್ ಹಾಕಿದಾಗ, ಗ್ಯಾಲನ್ ಪೆಟ್ರೋಲಿಗೆ ಒಂದು ಟೀ ಚಮಚಕ್ಕಿಂತ ಕಡಿಮೆ ಸಾಕು ಎನ್ನುವಷ್ಟು ಪರಿಣಾಮ ಸಿಕ್ಕಿತು. ಅಷ್ಟರಲ್ಲಿ ಡೆಲ್ಕೊ ಜನರಲ್ ಮೋಟಾರ್ಸ್ ಕೈಸೇರಿ, ಕೆಟ್ಟರಿಂಗ್ ಅದರ ಸಂಶೋಧನಾ ಮುಖ್ಯಸ್ಥನಾಗಿದ್ದ. 1923ರ ಫೆಬ್ರವರಿಯಲ್ಲಿ ಡೇಟನ್‌ನ ಒಂದು ಬಂಕಿನಲ್ಲಿ ಮಾರಾಟ ಶುರು. 1924ರಲ್ಲಿ ಇದಕ್ಕೆಂದೇ ಹುಟ್ಟಿದ ಕಂಪನಿಗೆ ಕೆಟ್ಟರಿಂಗ್ ಅಧ್ಯಕ್ಷ. ಮಾರುವ ಹೆಸರು ಎಥೈಲ್. ಸೀಸ ಎಂಬ ಶಬ್ದ ಅದರಲ್ಲಿ ಇರಲಿಲ್ಲ.

ಸೀಸ ವಿಷವೆಂಬುದು ಆಗ ಹೊಸ ಸುದ್ದಿಯೇನೂ ಆಗಿರಲಿಲ್ಲ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಇದನ್ನು ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ಐವರು ಬುದ್ಧಿಭ್ರಮಣೆಯಾಗಿ ಸತ್ತರು, ಇನ್ನೂ ಹಲವರು ಆಸ್ಪತ್ರೆ ಸೇರಿದರು. ಡೇಟನ್‌ನಲ್ಲೂ ಅದಕ್ಕೆ ಮೊದಲೇ ಸಾವುಗಳಾಗಿದ್ದವು. ಮಾರಾಟ ನಿಂತಿತು. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಸರ್ಕಾರಿ ಸಭೆ ನಡೆಯಿತು. ಹಾರ್ವರ್ಡ್‌ನ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಯೇಲ್‌ನ ಯಾಂಡೆಲ್ ಹೆಂಡರ್ಸನ್ ಇಬ್ಬರೂ, ಕಾರ್ಖಾನೆಯ ಗೋಡೆಯೊಳಗಿನ ವಿಷವನ್ನು ಬೀದಿಗೆ ತರಬೇಡಿ ಎಂದು ಎಚ್ಚರಿಸಿದರು. ಕೆಟ್ಟರಿಂಗ್ ಎಥೈಲ್ ಪರವಾಗಿ ನಿಂತ. ಪೆಟ್ರೋಲ್ ಉಳಿಸಬೇಕು, ಇದಕ್ಕೆ ಸಾಟಿಯಾದ ಬೇರೆ ದಾರಿಯಿಲ್ಲ ಎಂಬುದು ಆ ಪಕ್ಷದ ವಾದ. ಆದರೆ ಆಲ್ಕೊಹಾಲ್ ಕೂಡ ನಾಕಿಂಗ್ ತಡೆಯುತ್ತದೆ ಎಂಬುದು ಆತನ ಪ್ರಯೋಗಾಲಯಕ್ಕೇ ಚೆನ್ನಾಗಿ ಗೊತ್ತಿತ್ತು. ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಹಾಕಬೇಕಿತ್ತು, ಖರ್ಚು ಹೆಚ್ಚಿತ್ತು, ಅದರ ಮೇಲೆ ಪೇಟೆಂಟ್ ಹಿಡಿಯುವಂತಿರಲಿಲ್ಲ. ಇವತ್ತು ನಮ್ಮ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಇಪ್ಪತ್ತು ಶೇಕಡಾ ಎಥನಾಲ್ ಇದೆ, ಬೆಳಗಾವಿ ಬಾಗಲಕೋಟೆಗಳ ಕಬ್ಬಿನದೂ ಅದರಲ್ಲಿ ಸೇರಿದೆ. ಹಳೇ ಕಾರಿನವರಿಗೆ ಅದರ ಮೇಲೆ ಸಿಟ್ಟಿದೆ, ಅದು ಬೇರೆ ವಿಷಯ.

1926ರಲ್ಲಿ ತಜ್ಞರ ಸಮಿತಿ ನಿಷೇಧಕ್ಕೆ ಸಾಕಷ್ಟು ಆಧಾರವಿಲ್ಲ ಎಂದಿತು, ಮಾರಾಟ ಮತ್ತೆ ಶುರುವಾಯಿತು. ಎಂಜಿನ್ ವಿಷಯದಲ್ಲಿ ಕೆಟ್ಟರಿಂಗ್ ಮೊದಲ ಉತ್ತರಕ್ಕೆ ತೃಪ್ತನಾದವನಲ್ಲ. ಕೆಂಪು ಬಣ್ಣದ ಊಹೆ ಫಲ ಕೊಟ್ಟಾಗಲೂ ಅನುಮಾನಿಸಿದ. ಸೀಸ ಕೂಡಿದ ಗಾಳಿ ಕುಡಿಯುವ ಮಗುವಿನ ವಿಷಯದಲ್ಲಿ ಮಾತ್ರ, ಹಾನಿಯಿದೆಯೆಂದು ಬೇರೆಯವರು ಸಾಬೀತು ಮಾಡಲಿ ಎಂಬಲ್ಲಿಗೆ ನಿಂತುಬಿಟ್ಟ. ಆ ಕಾಲದ ತಿಳಿವಳಿಕೆ ಅಷ್ಟೇ ಇತ್ತು ಎಂದು ಆತನನ್ನು ಬಿಡಿಸಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಹ್ಯಾಮಿಲ್ಟನ್ ಇದ್ದದ್ದೂ ಅದೇ ಕಾಲದಲ್ಲಿ.

ಉಳಿದ ಬದುಕು ತುಂಬಾ ಉದ್ದ. 1923ರಲ್ಲಿ ತಾಮ್ರದ ರೆಕ್ಕೆಗಳಿಂದ ಗಾಳಿಯಲ್ಲೇ ತಣಿಯುವ ಎಂಜಿನ್ನಿನ ಷೆವರ್ಲೆ ಸೋತು, ಮಾರಿದ ಕಾರುಗಳನ್ನೂ ವಾಪಸ್ ಕರೆಸಬೇಕಾಯಿತು. ಕೆಟ್ಟರಿಂಗ್ ರಾಜೀನಾಮೆಗೆ ಮುಂದಾದ, ಕಂಪನಿಯ ಮುಖ್ಯಸ್ಥ ಆಲ್‌ಫ್ರೆಡ್ ಸ್ಲೋನ್ ಹೋಗಲು ಬಿಡಲಿಲ್ಲ. ವಾರಗಟ್ಟಲೆ ಹಿಡಿಯುತ್ತಿದ್ದ ಕಾರಿನ ಪೇಂಟ್ ಕೆಲವೇ ಗಂಟೆಗಳಲ್ಲಿ ಒಣಗುವಂತಾಯಿತು. ಫ್ರಿಜ್‌ಗಾಗಿ ಅದೇ ಮಿಡ್ಜ್‌ಲಿ ಕಂಡುಹಿಡಿದ ಫ್ರಿಯಾನ್ ಮುಂದೆ ಓಝೋನ್ ಪದರಕ್ಕೆ ಕುತ್ತಾಯಿತು. 1930ರ ದಶಕದಲ್ಲಿ ಕೆಟ್ಟರಿಂಗ್ ತಂಡ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ ರೂಪಿಸಿ ರೈಲಿಗೆ ತಂದಿತು, ಉಗಿಬಂಡಿಗಳ ಕಾಲ ಮುಗಿಯತೊಡಗಿದ್ದು ಅಲ್ಲಿಂದ. ಹುಬ್ಬಳ್ಳಿ ಡೀಸೆಲ್ ಶೆಡ್ಡಿನ ಡಬ್ಲ್ಯುಡಿಜಿ-4, ಡಬ್ಲ್ಯುಡಿಪಿ-4 ಎಂಜಿನ್‌ಗಳು ಅದೇ ವಂಶದವು. ಮುಂಬೈ ಪುಣೆಗಳಿಂದ ರಾತ್ರಿ ರೈಲಿನಲ್ಲಿ ಊರಿಗೆ ಹೋಗಿಬಂದ ನಮ್ಮಲ್ಲಿ ಎಷ್ಟೋ ಜನ ಆ ಗುಡುಗನ್ನು ಅರೆನಿದ್ರೆಯಲ್ಲಿ ಕೇಳಿದವರೇ.

1945ರಲ್ಲಿ ಸ್ಲೋನ್ ಜೊತೆ ಸೇರಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಕಾರಣನಾದ. ಇಬ್ಬರ ಹೆಸರೂ ಹೊತ್ತ ಆ ಸಂಸ್ಥೆ ಇವತ್ತಿಗೂ ಜಗತ್ಪ್ರಸಿದ್ಧ. ಜನರಲ್ ಮೋಟಾರ್ಸ್‌ನಿಂದ 1947ರಲ್ಲಿ ನಿವೃತ್ತಿ. 1958ರ ನವೆಂಬರ್ 25ರಂದು, ಎಂಬತ್ತೆರಡನೇ ವಯಸ್ಸಿನಲ್ಲಿ ತೀರಿಕೊಂಡ. ಡೇಟನ್ ಪಕ್ಕದ ಊರೊಂದು ಅಷ್ಟರಲ್ಲಾಗಲೇ ಕೆಟ್ಟರಿಂಗ್ ಎಂದು ಹೆಸರಿಟ್ಟುಕೊಂಡಿತ್ತು.

ಸೀಸ ಪೆಟ್ರೋಲಿನಿಂದ ಹೊರಗೆ ಹೋದ ಬಗೆ ವಿಚಿತ್ರ. ಮಕ್ಕಳ ಮಿದುಳಿಗೆ ಹಾನಿ ಎಂಬ ಸಾಕ್ಷ್ಯ ಬೆಳೆಯುತ್ತಿತ್ತು ನಿಜ, ಆದರೆ 1970ರ ದಶಕದ ಅಮೆರಿಕದಲ್ಲಿ ಅದನ್ನು ಬಂಕಿನಿಂದ ಮೊದಲು ತಳ್ಳಿದ್ದು ಕ್ಯಾಟಲಿಟಿಕ್ ಕನ್ವರ್ಟರ್. ಸೀಸ ಅದರ ಮೇಲೆ ಲೇಪದಂತೆ ಕೂತು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಭಾರತದಲ್ಲಿ 1995ರಲ್ಲಿ ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಗಿ, ಅವಕ್ಕೆಂದು ಸೀಸರಹಿತ ಪೆಟ್ರೋಲ್ ಬಂತು. ದೇಶಕ್ಕೆಲ್ಲ ಬಂದದ್ದು 2000ದ ಫೆಬ್ರವರಿ 1ರಂದು. ಅಂದರೆ ಇವತ್ತು ಮೂವತ್ತು ದಾಟಿದ ನಾವೆಲ್ಲ ಬಾಲ್ಯದಲ್ಲಿ ಉಸಿರಾಡಿದ್ದು ಎಥೈಲ್ ಹೊಗೆಯನ್ನೇ. ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯ, 2021ರ ಜುಲೈನಲ್ಲಿ.

ಕಿಡಿಯ ಕತೆ ಬೇರೆ. ಮುಂಬೈಯ ಕಾಲಿ-ಪೀಲಿ ಪ್ರೀಮಿಯರ್ ಪದ್ಮಿನಿಗಳಲ್ಲಿ ಕೆಟ್ಟರಿಂಗ್ ವ್ಯವಸ್ಥೆ ಹೆಚ್ಚುಕಡಿಮೆ ಮೂಲರೂಪದಲ್ಲೇ ಇತ್ತು: ಡಬ್ಬಿಯಂಥ ಒಂದೇ ಕಾಯಿಲ್, ಡಿಸ್ಟ್ರಿಬ್ಯೂಟರ್, ಮೆಕ್ಯಾನಿಕ್‌ಗಳು ಪ್ಲಾಟಿನಂ ಎಂದು ಕರೆಯುವ ಪಾಯಿಂಟ್. ಅದು ಕಪ್ಪಾಗಿ ಕಿಡಿ ಸೊರಗಿದರೆ ಡ್ರೈವರೇ ರಸ್ತೆ ಬದಿಗೆ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಜೇಬಿನಲ್ಲಿದ್ದ ಎಮರಿ ಪೇಪರಿನ ಚೂರಿನಿಂದ ಎರಡು ಸಲ ಉಜ್ಜಿ ಮುಂದೆ ಹೋಗುತ್ತಿದ್ದ. ಆ ಟ್ಯಾಕ್ಸಿಗಳು ಮುಂಬೈ ರಸ್ತೆಯಿಂದ ಪೂರ್ತಿ ಇಳಿದದ್ದು 2023ರ ಅಕ್ಟೋಬರಿನಲ್ಲಿ.